ಎಂಟು ಹೆಸರಿನ ಒಂದೇ ಎದೆ

ಎರ್ರಿಯಪ್ಪನಷ್ಟು ಸಲ ಎದೆಯ ಎಕ್ಸ್‌ರೇ ತೆಗೆಸಿಕೊಂಡ ಮನುಷ್ಯ ಹೊಸಪೇಟೆ ಸೀಮೆಯಲ್ಲಿ ಇನ್ನೊಬ್ಬನಿರಲಿಕ್ಕಿಲ್ಲ. ಐದು ವರ್ಷಕ್ಕೆ ನಲವತ್ತೊಂದು. ಅಷ್ಟನ್ನೂ ತೆಗೆದವನು ನಾನೇ, ಕೊಟ್ರಯ್ಯ, ಊರಿನ ಒಂದು ಸಣ್ಣ ಆಸ್ಪತ್ರೆಯಲ್ಲಿ ಎಕ್ಸ್‌ರೇ ಮಷೀನು ನೋಡಿಕೊಳ್ಳುತ್ತಿದ್ದವನು. ಈಗ ಕೆಲವರು ಬಂದು, ಅವನ ಬಗ್ಗೆ ನಾಲ್ಕು ಒಳ್ಳೆಯ ಮಾತು ಹೇಳಿ ಅನ್ನುತ್ತಾರೆ. ಒಳ್ಳೆಯ ಮಾತು ಹೇಳಲಿಕ್ಕೆ ನನಗೇನು ಕಷ್ಟ? ನನ್ನ ಪಾಲನ್ನು ಬಿಟ್ಟು ಹೇಳುವುದು ಕಷ್ಟ.

ಅವನು ಸಂಡೂರಿನ ಗುಡ್ಡದ ಒಂದು ಗಣಿಯಲ್ಲಿ ಕ್ರಷರ್ ಬಾಯಿಗೆ ನಿಲ್ಲುತ್ತಿದ್ದ. ಅದಿರಿನ ಜೊತೆ ಬಂದ ಗಟ್ಟಿ ಕಲ್ಲೂ ಅದರೊಳಗೆ ಬಿದ್ದು ಪುಡಿಯಾಗುತ್ತಿತ್ತು. ಸಂಜೆಗೆ ಕಣ್ಣಿನ ರೆಪ್ಪೆಯಿಂದ ಹಿಡಿದು ಅಂಗಾಲಿನ ತನಕ ಮನುಷ್ಯ ಕೆಂಪು. ಮೂಗಿಗೆ ಕಟ್ಟಿಕೊಳ್ಳಲು ಗಣಿಯವರು ಏನೂ ಕೊಡಲಿಲ್ಲ, ಬೆಲ್ಲ ಕೊಟ್ಟರು. ಪ್ರತಿ ಶನಿವಾರ ತಲೆಗೊಂದು ಹೆಂಟೆ ಕಂಪ್ಲಿ ಬೆಲ್ಲ. ಧೂಳನ್ನೆಲ್ಲ ಅದೇ ತೊಳೆದು ಹಾಕುತ್ತದಂತೆ! ಎರ್ರಿಯಪ್ಪ ಅದನ್ನು ಚಪ್ಪರಿಸಿ ತಿಂದು, "ನನ್ ಎದಿ ಕನ್ನಡಿ ಇದ್ದಂಗ ಐತಿ" ಎಂದು ಎದೆಗೆ ಬಡಿದುಕೊಳ್ಳುತ್ತಿದ್ದ.

ವರ್ಷಕ್ಕೊಮ್ಮೆ ಗಣಿಯ ಲಾರಿ ಆಳುಗಳನ್ನು ತುಂಬಿಕೊಂಡು ನಮ್ಮಲ್ಲಿಗೆ ಬರುತ್ತಿತ್ತು. ಫಿಲ್ಮಿನಲ್ಲಿ ಕಲೆ ಕಂಡರೆ ಕೆಲಸ ಹೋಯಿತು. ೧೯೭೭ರಲ್ಲಿ ಮೂಕಪ್ಪ ಎಂಬವನು ನನ್ನ ಬಾಗಿಲಲ್ಲಿ ಕೆಮ್ಮುತ್ತಾ ನಡುಗುತ್ತಾ ನಿಂತಿದ್ದ. ಲೋಡಿಂಗ್ ಕೆಲಸದವನು, ಮೂರು ಮಕ್ಕಳ ತಂದೆ. ಎರ್ರಿಯಪ್ಪ ಆಗಷ್ಟೇ ತನ್ನ ಎಕ್ಸ್‌ರೇ ಮುಗಿಸಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ. ಮತ್ತೆ ಬಿಚ್ಚಿದ.

"ಯಾಕಲೇ ಅಳ್ತಿ? ನಿನ್ ಹೆಸರಿಗೆ ನಾ ನಿಂದರ್ತೀನಿ. ಕೊಟ್ರಯ್ಯ, ಕೂಗು ಇವನ ಹೆಸರ."

ನಾನು ಕೂಗಿದೆ. ಯಾಕೆ ಕೂಗಿದೆ ಎಂದರೆ, ಕೂಗಿದೆ ಅಷ್ಟೆ. ಅವನ ನಗುವಿನಲ್ಲಿ ಏನೋ ಇತ್ತು, ಜೊತೆಗೆ ಅವನು ತರಿಸಿದ ಮಿರ್ಚಿ ಮಂಡಕ್ಕಿಯೂ ಇತ್ತು. ಆಮೇಲೆ ಕೆಮ್ಮುತ್ತಿದ್ದ ಇನ್ನೂ ಆರು ಮಂದಿ ಸಾಲುಗಟ್ಟಿದರು. "ಉಸಿರು ಎಳಕೋ. ಹಿಡಿ. ಬಿಡು." ಎಂಟು ಸಲವೂ ಅದೇ ಬೆವರಿನ ಎದೆ, ಎಂಟು ಲಕೋಟೆಯ ಮೇಲೆ ಎಂಟು ಹೆಸರು. ಒಂದೇ ಗುರುತು ಉಳಿಯಿತು. ಎರ್ರಿಯಪ್ಪ ಹಿಂದೊಮ್ಮೆ ಲಾರಿಯಿಂದ ಬಿದ್ದು ಎಡಗಡೆಯ ಕೊರಳೆಲುಬು ಮುರಿದುಕೊಂಡಿದ್ದ, ಅದು ಸೊಟ್ಟಗೆ ಕೂಡಿಕೊಂಡಿತ್ತು. ಎಂಟೂ ಫಿಲ್ಮಿನಲ್ಲಿ ಎಂಟು ಸೊಟ್ಟ ಎಲುಬು. ಆಗಿದ್ದ ಮುದಿ ಡಾಕ್ಟರು ಎಂಟಕ್ಕೂ 'ಸರಿ ಇದೆ' ಎಂದು ಸಹಿ ಜಡಿದು ಊಟಕ್ಕೆ ಹೋದರು.

ಅಲ್ಲಿಂದ ಅದೇ ರೂಢಿಯಾಯಿತು. ನಾಲ್ಕು ವರ್ಷ, ಮೂವತ್ತೆರಡು ಫಿಲ್ಮು, ಮೂವತ್ತೆರಡು ಸಹಿ. ಏಳೂ ಮಂದಿ ಎರ್ರಿಯಪ್ಪನ ಎದೆಯನ್ನು ತಮ್ಮದೆಂದೇ ನಂಬಿಬಿಟ್ಟರು. "ನನ್ ಎದಿಗೆ ಏನಾಗೇತಿ, ಫೋಟೋ ನೋಡಿಲ್ಲೇನು?" ಎಂದು ಮೂಕಪ್ಪ ಹೆಂಡತಿಯನ್ನೇ ಗದರಿಸುತ್ತಿದ್ದನಂತೆ.

೧೯೮೧ರಲ್ಲಿ ಹೊಸ ಡಾಕ್ಟರಮ್ಮ ಬಂದರು. ಆಳುಗಳೆಲ್ಲ ಅವರನ್ನು ಶಾಂತಕ್ಕ ಎಂದೇ ಕರೆದರು. ಆಯಮ್ಮನಿಗೆ ಒಂದು ಕೆಟ್ಟ ಚಟವಿತ್ತು, ಫಿಲ್ಮನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಆ ವರ್ಷವೂ ಎಂಟು ಹೆಸರಿಗೂ ಎರ್ರಿಯಪ್ಪನೇ ನಿಂತಿದ್ದ. ಆ ದಿನ ಎಂಟೂ ಮಂದಿಯನ್ನು ಒಳಗೆ ಕರೆದು, "ನಿಮ್ಮೆಲ್ಲರ ಎದೆಯಲ್ಲಿ ಕಲ್ಲುಧೂಳು ಕೂತಿದೆ. ಇನ್ನು ಗಣಿಗೆ ಹೋಗುವ ಹಾಗಿಲ್ಲ" ಎಂದರು.

ಮೂಕಪ್ಪ ಕೈಮುಗಿದ.

"ಅಕ್ಕಾರ, ಅದು ನಮ್ ಎದಿ ಅಲ್ರಿ! ಅವಂದ್ರಿ!"

"ಹೌದ್ರಿ, ಅವಂದ ಐತ್ರಿ!" ಏಳೂ ಬೆರಳು ಎರ್ರಿಯಪ್ಪನತ್ತ ತಿರುಗಿದವು. ನಾಲ್ಕು ವರ್ಷ ಹಂಚಿಕೊಂಡು ಮೆರೆದಿದ್ದ ಎದೆಯನ್ನು ಅರೆಗಳಿಗೆಯಲ್ಲಿ ಯಜಮಾನನಿಗೆ ವಾಪಸು ಕೊಟ್ಟರು.

ಡಾಕ್ಟರಮ್ಮ ನನ್ನನ್ನು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎಲ್ಲರದನ್ನೂ ಎದುರಿಗೇ ನಿಲ್ಲಿಸಿ ತೆಗೆಸಿದರು. ಏಳು ಮಂದಿಯದು ಬರೀ ಬೀಡಿ ಕೆಮ್ಮು, ಕಲ್ಲುಧೂಳು ಒಬ್ಬರಿಗೂ ಇಲ್ಲ. ಎರ್ರಿಯಪ್ಪನ ಹೊಸ ಫಿಲ್ಮು, ನಲವತ್ತೊಂದನೆಯದು, ನವಣೆ ಚೆಲ್ಲಿದ ಕರಿ ಕಂಬಳಿಯಂತಿತ್ತು. ಸಂಜೆ ನಾನು ಹಳೆಯ ಲಕೋಟೆಗಳನ್ನು ತೆಗೆದು ನೋಡಿದೆ. ೭೯ರ ಫಿಲ್ಮಿನಲ್ಲೇ ಕಾಳು ಬಿದ್ದಿದ್ದವು. ಆ ವರ್ಷ ಎಂಟು, ಮರುವರ್ಷ ಎಂಟು. ರೋಗ ಕಂಡ ಎದೆಗೆ ಹದಿನಾರು ಸಲ 'ಸರಿ ಇದೆ'. ಥೂ ನಮ್ಮ ಜನ್ಮಕ್ಕೆ.

"ದಿನಾ ಬೆಲ್ಲ ತಿಂದೀನಲ್ರಿ ಅಕ್ಕಾರ?" ಎಂದು ಎರ್ರಿಯಪ್ಪ ಕೇಳಿದ. ಅವನಿಗೆ ನಿಜಕ್ಕೂ ಅದೇ ಅರ್ಥವಾಗಿರಲಿಲ್ಲ.

ಡಾಕ್ಟರಮ್ಮ ತಾಳ್ಮೆಯಿಂದ ಹೇಳಿದರು. "ಬೆಲ್ಲ ಹೊಟ್ಟೆಗೆ ಹೋಗುತ್ತಪ್ಪ, ಎದೆಗಲ್ಲ. ಎದೆ ಗುಡಿಸೋಕೆ ಬೇರೆಯವರೇ ಇದ್ದಾರೆ. ಹುಟ್ಟುವಾಗಲೇ ಜೊತೆಗೆ ಬಂದ ಕಾವಲು ಅದು. ಕಣ್ಣಿಗೆ ಕಾಣದಷ್ಟು ಸಣ್ಣ ಜೀವಕಣಗಳು ಶ್ವಾಸಕೋಶದ ಗೂಡುಗೂಡಿನಲ್ಲೂ ಓಡಾಡ್ತಾ ಇರ್ತವೆ. ಧೂಳು ಬರಲಿ, ಕ್ರಿಮಿ ಬರಲಿ, ಯಾರ ಅಪ್ಪಣೆಗೂ ಕಾಯದೆ ನುಂಗಿಬಿಡ್ತವೆ. ಮಣ್ಣಿನ ಧೂಳಾದರೆ ನುಂಗಿ, ಕಫದ ಜೊತೆ ಸಾಗಹಾಕ್ತವೆ. ಕಲ್ಲಿನ ಧೂಳು ಕರಗೋದಿಲ್ಲ. ನುಂಗಿದ ಕಣವೇ ಒಡೆದು ಸಾಯುತ್ತೆ, ಕಲ್ಲಿನ ಹರಳು ಮತ್ತೆ ಹೊರಗೆ ಬೀಳುತ್ತೆ."

"ಆಮ್ಯಾಲೆ?"

"ಇನ್ನೊಂದು ಕಣ ಬಂದು ಅದೇ ಹರಳು ನುಂಗುತ್ತೆ. ಅದೂ ಸಾಯುತ್ತೆ. ಸತ್ತ ಕಡೆಯೆಲ್ಲ ಗಾಯ, ಗಾಯ ಮಾಗಿದ ಕಡೆಯೆಲ್ಲ ಗಂಟು. ಗಂಟಿಗೆ ಗಾಳಿ ಹಿಡಿಯೋಕೆ ಬರೋದಿಲ್ಲ."

"ಅಂದ್ರ ಅವೂ ಒಂದರ ಬದ್ಲಿ ಒಂದು ನಿಂದರ್ತಾವ" ಎಂದ ಎರ್ರಿಯಪ್ಪ. "ಶಾಣ್ಯಾ ಅಲ್ಲ ಬಿಡ್ರಿ, ನನ್ನಂಗ." ನಗಲು ಹೋಗಿ ಕೆಮ್ಮಿದ. ಅವನು ಕೆಮ್ಮಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಗಣಿಯವರು ಅವನನ್ನು ಮನೆಗೆ ಕಳಿಸಿದರು. ಮೂರು ತಿಂಗಳ ಮೇಲೆ ಕಲೆಯಿಲ್ಲದ ಫಿಲ್ಮು ತಂದರೆ ಮತ್ತೆ ಕ್ರಷರಿಗೇ ತಗೊಳ್ಳುತ್ತೇವೆ ಎಂದರು. ಎಂಥ ಧಾರಾಳ! ಡಾಕ್ಟರಮ್ಮ ರಜೆಯ ಮೇಲೆ ಹೋದ ವಾರ ನೋಡಿಕೊಂಡು ಎರ್ರಿಯಪ್ಪ ಬಂದ. ಜೊತೆಗೆ ಮೂಕಪ್ಪ, ಹಿಂದೆ ಬಾಯಿಗೆ ಸೆರಗು ಒತ್ತಿಕೊಂಡ ಎರ್ರಿಯಪ್ಪನ ಹೆಂಡತಿ ತಾಯಕ್ಕ.

ಮೂಕಪ್ಪ ಆಗಲೇ ಅಂಗಿ ಬಿಚ್ಚುತ್ತಿದ್ದ. "ನನ್ ಎದಿ ಸ್ವಚ್ಛ ಐತಂತ ಅಕ್ಕಾರ ಹೇಳ್ಯಾರ. ಈ ಸಲ ಅವನ ಹೆಸರಿಗೆ ನಾ ನಿಂದರ್ತೀನಿ. ಅವತ್ತು ಬೆರಳು ತೋರಿಸಿದ ಪಾಪ ಹೋಗ್ಲಿ. ಕೂಗು ಕೊಟ್ರಯ್ಯ."

"ನಿಂದರಪ್ಪಾ, ನಿಂದರು" ಎಂದಳು ತಾಯಕ್ಕ. ದನಿ ಜೋರಿರಲಿಲ್ಲ. "ಫೋಟೋಕ್ಕ ನೀ ನಿಂದರ್ತಿ. ಮಕ್ಕೊಂಡಾಗ ಇವ ಉಸಿರಿಗೆ ಒದ್ದಾಡ್ತಾನಲ್ಲ, ಅದಕ್ಕ ಯಾರು ನಿಂದರ್ತಾರ? ನೀ ನಿಂದರ್ತೀಯೇನು?"

ಮೂಕಪ್ಪನ ಕೈ ಗುಂಡಿಯ ಮೇಲೇ ಉಳಿಯಿತು. ನಾನು ಮಷೀನಿನ ಸ್ವಿಚ್ ಆರಿಸಿದೆ. ಮೂವತ್ತೈದು ಸಲ ತಪ್ಪು ಮಾಡಿದಾಗ ಗೆಳೆಯನಾಗಿದ್ದವನು, ಒಂದು ಸಲ ಸರಿ ಮಾಡಿದ್ದಕ್ಕೆ ಹಗೆಯಾದೆ.

"ಎಲ್ಲಾರಿಗೂ ಆತು, ನನಗೊಂದು ಆಗ್ಲಿಲ್ಲೇನಲೇ ಕೊಟ್ರ್ಯಾ?" ಎಂದ ಎರ್ರಿಯಪ್ಪ. ಅಂದಿನಿಂದ ನನ್ನ ಜೊತೆ ಮಾತು ಬಿಟ್ಟ.

ತಾಯಕ್ಕ ಅವನನ್ನು ತನ್ನ ತವರು ಮೆಟ್ರಿಗೆ ಕರೆದುಕೊಂಡು ಹೋದಳು. ಕಾಲುವೆ ನೀರು ಬಂದ ಮೇಲೆ ಅಣ್ಣಂದಿರ ಗದ್ದೆಯಲ್ಲಿ ವರ್ಷಕ್ಕೆರಡು ಭತ್ತ. ಊರು ತುಂಬಾ ಹೊಸ ಸೈಕಲ್ಲು, ರೇಡಿಯೋ. ಎರ್ರಿಯಪ್ಪ ಬದುವಿನ ಮೇಲೆ ಕೂತು ಮಡಿಯಿಂದ ಮಡಿಗೆ ನೀರು ತಿರುಗಿಸುತ್ತಿದ್ದನಂತೆ. ಮೊದಮೊದಲು ಹತ್ತು ಮಡಿ, ಆಮೇಲೆ ಎರಡು, ಕಡೆಗೆ ಬರೀ ಕೂರುವುದು. ಸುತ್ತ ಧೂಳಿನ ಸುಳಿವೇ ಇಲ್ಲದ ಹಸಿರು, ಒಳಗೆ ಎಂದೋ ನುಂಗಿದ ಹರಳು ಒಬ್ಬೊಬ್ಬ ಕಾವಲುಗಾರನನ್ನೇ ಮುಗಿಸುತ್ತಿತ್ತು. ೮೮ರಲ್ಲಿ ತೀರಿಕೊಂಡ.

ತಿಂಗಳಾದ ಮೇಲೆ ತಾಯಕ್ಕ ಬಂದಳು.

"ಗ್ವಾಡಿಗೆ ಹಾಕಾಕ ಅವಂದೊಂದು ಫೋಟೋ ಇಲ್ಲಪ್ಪ. ಅಷ್ಟು ಸಲ ತಗದೀಯಲ್ಲ, ಒಂದರಾಗೂ ಮುಖ ಬಂದಿಲ್ಲೇನು?"

ಅವನ ಹೆಸರಿನ ಫಿಲ್ಮುಗಳನ್ನೆಲ್ಲ ಗಣಿಯ ಕಚೇರಿಗೆ ಕಳಿಸಿಯಾಗಿತ್ತು. ಕೋಣೆಯಲ್ಲಿ ಉಳಿದದ್ದು ಬೇರೆಯವರ ಹೆಸರಿನವು. ೭೭ರದೊಂದು ತೆಗೆದೆ, ಒಂದೂ ಕಾಳಿಲ್ಲದ್ದು, ಮೂಲೆಯಲ್ಲಿ 'ಮೂಕಪ್ಪ' ಎಂದು ಬಿಳಿ ಮಸಿಯಲ್ಲಿ ಬರೆದದ್ದು. ತಾಯಕ್ಕನಿಗೆ ಓದು ಬರುವುದಿಲ್ಲ. ಕಿಟಕಿಗೆ ಹಿಡಿದು ನೋಡಿದಳು. ಸೊಟ್ಟ ಎಲುಬಿನ ಮೇಲೆ ಬೆರಳು ನಿಲ್ಲಿಸಿದಳು.

"ಇದು ಅವಂದ ಐತಿ. ಈ ಎಲುಬಿಗೆ ತಿಂಗಳಾನಗಟ್ಲೆ ನಾನ ಎಣ್ಣಿ ಹಚ್ಚೀನಿ."

ಮೂವತ್ತೆರಡು ಸಹಿ ಹಾಕಿದವರಿಗೆ ಕಾಣದ್ದು ಆಕೆಗೆ ಒಂದೇ ನೋಟಕ್ಕೆ ಕಂಡಿತು. ಹೆಸರಿನ ವಿಷಯ ನಾನು ಹೇಳಲಿಲ್ಲ, ಹೇಳುವ ಧೈರ್ಯ ಬರಲಿಲ್ಲ.

ವರ್ಷದ ಎಡೆಗೆ ಮೆಟ್ರಿಗೆ ಹೋದೆ. ಮೂಕಪ್ಪನೂ ಬಂದಿದ್ದ. ಗೋಡೆಯ ಮೇಲೆ ಕಟ್ಟು ಹಾಕಿಸಿದ ಎದೆ, ಅದಕ್ಕೆ ಸೇವಂತಿಗೆ ಹಾರ, ಕುಂಕುಮ, ಊದುಬತ್ತಿ. ಮೂಕಪ್ಪ ಅಕ್ಷರ ಕೂಡಿಸಿ ಓದಬಲ್ಲ. ಹಾರದ ಕೆಳಗಿದ್ದ ತನ್ನ ಹೆಸರನ್ನು ಓದಿದ, ನನ್ನನ್ನು ನೋಡಿದ, ಮತ್ತೆ ಓದಿದ. ನಾನು ತಲೆ ತಗ್ಗಿಸಿದೆ. ಅವನು ಹಾರವನ್ನು ಒಂದಿಷ್ಟು ಸರಿಸಿ ಹೆಸರನ್ನು ಮುಚ್ಚಿ, ಗೋಡೆಗೆ ಹಣೆ ಹಚ್ಚಿ ಅತ್ತ.