ಅಪ್ಪನ ಹೊಟ್ಟೆಯಡಿಯ ಕ್ಯಾಮೆರಾ

ಆಗೆಲ್ಲ ಫೋಟೊ ಅಂದರೆ ನಮ್ಮಪ್ಪ, ನಮ್ಮಪ್ಪ ಅಂದರೆ ಕೊರಳಲ್ಲಿ ತೂಗುವ ಜಪಾನಿ ಕ್ಯಾಮೆರಾ. ಗಂಗಾವತಿಯ ಉಳಿದ ಫೋಟೊದವರೆಲ್ಲ ಹೊಸದು ಕೊಂಡರೂ ಅವನು ಅಜ್ಜನ ಕಾಲದ ಅದನ್ನೇ ಒರೆಸಿ ಒರೆಸಿ ಇಟ್ಟಿದ್ದ. ಕಣ್ಣಿಟ್ಟು ನೋಡುವ ಅದರ ಕಿಂಡಿಯಲ್ಲಿ ಒಂದೇ ಮುಖ ಎರಡಾಗಿ ಕಾಣುತ್ತಿತ್ತು. ಲೆನ್ಸಿನ ಉಂಗುರ ತಿರುವಿ ಎರಡನ್ನೂ ಕೂಡಿಸಿ ಆಮೇಲೆ ಗುಂಡಿ ಒತ್ತಬೇಕು.

"ಜರ್ಮನಿಯವರ್ದು ನೋಡಿ ಜಪಾನಿನವರು ನಕಲು ಮಾಡಿದ್ರು. ಮಂದಿ ನಕ್ರು. ಆಮ್ಯಾಲ ಜಗತ್ತೆಲ್ಲಾ ಇವರ ಕ್ಯಾಮೆರಾನ ಹಿಡೀತು," ಅನ್ನುತ್ತಿದ್ದ. ನಾಲ್ಕನೇ ಕ್ಲಾಸಿನಲ್ಲಿ ಪಾಠ ಬಿಟ್ಟು ಊರವರನ್ನೆಲ್ಲ ನಕಲು ಮಾಡುತ್ತಿದ್ದ ನನಗೆ ಇದಕ್ಕಿಂತ ದೊಡ್ಡ ಆಶೀರ್ವಾದ ಬೇಕೆ?

ಮರಳಿ ಎಂಬ ಊರಿನ ಒಂದು ಮದುವೆಗೆ ಅಪ್ಪನ ಜೊತೆ ಹೋಗಿದ್ದೆ. ಗೋಧಿಹುಗ್ಗಿ ಬಡಿಸುವ ಹೊತ್ತಿಗೆ ಮದುಮಗಳ ಅವ್ವನ ಹಾಗೆ ಅತ್ತು ತೋರಿಸಿದೆ. ಪಂಕ್ತಿಯೇ ನಕ್ಕಿತು. ಹುರುಪೇರಿ ವರನ ಸೋದರಮಾವನ ನಕಲಿಗೆ ಇಳಿದೆ: ಧೋತರ ಎತ್ತುವ ಗತ್ತು, ಮೂಗಿನ ಸೊರಸೊರ.

"ಯಾಂವಲೇ ಇಂವ? ಹೆಣ್ಣಿನ ಕಡ್ಯಾವ್ರು ಕಲಿಸಿ ಬಿಟ್ಟಾರ!" ಮಾವ ಒಲೆಯ ಕಟ್ಟಿಗೆ ಎತ್ತಿಕೊಂಡೇ ಬಂದ.

"ಹುಡುಗ ಅದಾನ್ರಿ ಯಜಮಾನ್ರ, ತಿಳೀಲಾರದ..." ಅಪ್ಪ ಅಡ್ಡ ಬಂದ. ಕಟ್ಟಿಗೆ ಮೊದಲು ಕ್ಯಾಮೆರಾಕ್ಕೆ ಬಿತ್ತು, ಆಮೇಲೆ ಅವನ ಎಡಗಿವಿಗೆ. ಕ್ಯಾಮೆರಾದ ತಳದ ಮುಚ್ಚಳ ಹಾರಿತು. ಬೆಳಕು ಹೊಕ್ಕರೆ ಇಡೀ ಮದುವೆಯ ರೀಲು ಹಾಳು. ಅಪ್ಪ ತಲೆ ಮುಚ್ಚಿಕೊಳ್ಳಲಿಲ್ಲ. ಕ್ಯಾಮೆರಾವನ್ನು ಹೊಟ್ಟೆಯಡಿ ಅವುಚಿ ಬೋರಲು ಬಿದ್ದ. ಮಾವನ ಜೊತೆ ಇನ್ನೂ ಮೂವರು ಒದ್ದರು. ಪಕ್ಕೆಲುಬು ಹಸಿ ಕಬ್ಬಿನಂತೆ ಲಟಕ್ಕೆಂದಿತು. ಕಿವಿಯ ರಕ್ತ ಹುಗ್ಗಿಯ ಎಲೆಗೆ ಹರಿಯಿತು.

"ನಮ್ಮಪ್ಪ ಸಾಯ್ತಾನ್ರೀ! ಬಿಡಿಸ್ರಿ ಯಾರಾದ್ರೂ!" ಅಳುತ್ತ ಕೂಗಿದೆ.

ಪಂಕ್ತಿಯ ತುದಿಯ ಮುದುಕಿಗೆ ಗುಂಪು ಅಡ್ಡವಾಗಿ ನಾನೊಬ್ಬನೇ ಕಾಣುತ್ತಿದ್ದೆ. "ಏನ್ ಛಲೋ ಅಳ್ತಾನಲೇ ಮಂಗ್ಯಾ!" ಅಂದಳು. ಇದೂ ನಕಲೇ ಅಂತ ಮತ್ತೆ ನಗು. ಬೇರೆ ದಾರಿ ಕಾಣದೆ ಮಾವನ ಮೀನಖಂಡಕ್ಕೆ ಬಾಯಿ ಹಾಕಿ, ರಕ್ತ ಬರುವ ತನಕ ಕಚ್ಚಿ ಹಿಡಿದೆ. ಅವನು ಚೀರಿದ್ದು ಅಸಲಿ ಅಂತ ಎಲ್ಲರಿಗೂ ತಿಳಿಯಿತು. ಆಗ ಓಡಿ ಬಂದರು.

ಫೋಟೊ ಉಳಿದವು, ಕೊನೆಯ ಮೂರಕ್ಕೆ ಮಾತ್ರ ಬೆಳಕು ಬಡಿದು ಬಿಳಿ ಹೊಗೆ. ಕ್ಯಾಮೆರಾ ರಿಪೇರಿಯಾಗಲಿಲ್ಲ. ಅಪ್ಪನ ಎಡಗಿವಿ ಅಂದೇ ಕಿವುಡಾಯಿತು. ಬಲದ್ದೂ ಈಚೆಗೆ ಅರ್ಧಕ್ಕೆ ಬಂದಿದೆ.

ಈಗ ಮದುವೆಗಳಲ್ಲಿ ಮೈಕು ಹಿಡಿದು ನಕಲು ಮಾಡುವುದೇ ನನ್ನ ಕಸುಬು. ಯಾರೂ ಕಟ್ಟಿಗೆ ಎತ್ತುವುದಿಲ್ಲ, ಶಾಲು ಹೊದಿಸುತ್ತಾರೆ. ಮೊನ್ನೆ ಹಿಟ್ನಾಳದಲ್ಲಿ ಮಂದಿ ಬಿದ್ದು ಬಿದ್ದು ನಕ್ಕರು. ಮುಂದಿನ ಕುರ್ಚಿಯಲ್ಲಿದ್ದ ಅಪ್ಪ ಅವರ ಮುಖ ನೋಡಿ ತಾನೂ ನಕ್ಕ. ನಾನು ಇಳಿದು ಬಂದಾಗ ತೋಳು ಹಿಡಿದು ಕೇಳಿದ: "ಕಡೀಕ ಮಾಡಿದ್ದು ಯಾರ ದನಿಲೇ? ಭಾಳ ನಕ್ರಲ್ಲ."

ಅವನದೇ.