ಬಲ್ಬಿನ ಕಾವು

ಮಗ ದೋಹಾದಲ್ಲಿ ಹಾವು ಸಾಕಿದ್ದರ ಬಗ್ಗೆ ನಾನು ಊರಲ್ಲಿ ಈವರೆಗೆ ಬಾಯಿಬಿಟ್ಟಿಲ್ಲ. ಹೇಳಿದರೆ ನಾಗಬನದ ಭಟ್ಟರು ನನ್ನನ್ನು ಹತ್ತಿರ ಸೇರಿಸಲಿಕ್ಕಿಲ್ಲ. ನಾನು ಕಲಿತದ್ದು ಮೂರನೇ ಕ್ಲಾಸು; ನನಗೆ ಗೊತ್ತಿರುವ ಹಾವಿನ ಶಾಸ್ತ್ರ ಒಂದೇ: ನಾಗನಿಗೆ ತಂಪಾಗಬೇಕು. ಅದಕ್ಕೇ ಎಳನೀರು, ಹಾಲು, ಅರಸಿನ. ನನ್ನ ಮಗ ಗಣೇಶ ಮಾಡಿದ್ದು ಅದರ ತಿರುಗಾಮುರುಗಾ.

ತೊಂಬತ್ತಾರರಲ್ಲಿ ಸೊಸೆ ವಿನಯಾಳ ಬಾಣಂತನಕ್ಕೆಂದು ಹೋದೆ. ಮೊದಲು ಎರಡು ಸಲ ಬಸಿರು ನಿಂತಿರಲಿಲ್ಲ. ಈ ಸಲ ವಿಮಾನ ಹತ್ತಬೇಡಿ ಎಂದು ಡಾಕ್ಟರರ ಮಾತು. ಹಾಗಾಗಿ ಹೆರಿಗೆಗೆ ತವರಿಲ್ಲ, ದೋಹಾದ ಓಲ್ಡ್ ಏರ್‌ಪೋರ್ಟ್ ಎಂಬ ಬಡಾವಣೆಯ ಎರಡು ಕೋಣೆಯ ಫ್ಲಾಟೇ ಗತಿ. ಒಂದರಲ್ಲಿ ಅವರು, ಇನ್ನೊಂದರಲ್ಲಿ ನಾನು ಮತ್ತು ಹಾವು. ದೇಶ ಬಿಟ್ಟು ಹೊರಟ ಯಾರೋ ಬಿಳಿ ದೊರೆ ಗಣೇಶನಿಗೆ ಕೊಟ್ಟದ್ದಂತೆ, ಗಂಡು ಹೆಣ್ಣು ಜೋಡಿ. ಕೆಂಪು ಪಟ್ಟೆ, ವಿಷವಿಲ್ಲ, ಮೋರೆ ಮಾತ್ರ ಹಾವಿನದೇ.

"ಮರಿ ಮಾಡಿಸ್ತೇನಮ್ಮ," ಎಂದ ಗಣೇಶ. ಹಳೆ ಕಪಾಟಿನ ಹಲಗೆಗೆ ಗಾಜು ಕೂರಿಸಿ ಪೆಟ್ಟಿಗೆ ಮಾಡಿದ. ಒಂದು ಮೂಲೆಗೆ ಬಲ್ಬು, ಹಾವು ಸುಟ್ಟುಕೊಳ್ಳದ ಹಾಗೆ ಅದಕ್ಕೊಂದು ಬಲೆ. ಇನ್ನೊಂದು ಮೂಲೆಗೆ ನೀರಿನ ಬೋಗುಣಿ. ಮೊಟ್ಟೆಯಿಡಲು ಐಸ್‌ಕ್ರೀಮಿನ ಡಬ್ಬಿಗೆ ತೂತು ಕೊರೆದು ಒದ್ದೆ ತೆಂಗಿನ ನಾರು ತುಂಬಿಸಿದ. ನಾರು ನನ್ನದು, ಪಾತ್ರೆ ತಿಕ್ಕಲು ಊರಿಂದ ತಂದದ್ದು. ಹೊರಗೆ ಬೆಂಕಿಯಂಥ ಬಿಸಿಲು, ಒಳಗೆ ಏಸಿ, ಏಸಿಯೊಳಗೆ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಪುನಃ ಬಲ್ಬು. ಫ್ರೀಜರಿನಲ್ಲಿ ನಮ್ಮ ಬಂಗುಡೆ ಮೀನಿನ ಪಕ್ಕ ಹಾವಿನ ಊಟಕ್ಕೆ ಬಿಳಿ ಇಲಿ.

"ಹೆಂಡತಿಗೂ ಒಂದು ನಾರಿನ ಡಬ್ಬಿ ಮಾಡಿಡು ಮಾರಾಯ," ಎಂದೆ. ವಿನಯಾ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಹೆಣ್ಣುಹಾವು ನಾರಿನಲ್ಲಿ ಮೊಟ್ಟೆಯಿಟ್ಟು ಹೊರಬಂತು, ತಿರುಗಿ ನೋಡಲಿಲ್ಲ. ಗಣೇಶ ಆ ಡಬ್ಬಿಯನ್ನು ಬೇರೆ ಪುಟ್ಟ ಪೆಟ್ಟಿಗೆಯಲ್ಲಿಟ್ಟು ಬಲ್ಬು ಹಾಕಿದ, ಕಾವು ನೋಡಲು ಒಂದು ಥರ್ಮಾಮೀಟರು ಇಟ್ಟ. ಅದಾಗಿ ಕೆಲವೇ ದಿನಕ್ಕೆ, ಒಂಬತ್ತು ತಿಂಗಳು ತುಂಬುವ ಮೊದಲೇ, ವಿನಯಾ ಹೆತ್ತಳು. ಹೆಣ್ಣುಮಗು. ಆಸ್ಪತ್ರೆಯಲ್ಲಿ ಅದನ್ನೂ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಅಲ್ಲಿಯೂ ಕಾವು, ಅಲ್ಲಿಯೂ ಥರ್ಮಾಮೀಟರು. ಗಣೇಶ ಮಗುವಿನ ಮುಖಕ್ಕಿಂತ ಮೊದಲು ಆ ಥರ್ಮಾಮೀಟರನ್ನು ನೋಡಿದ. ಕಾವು ಸರಿಯಾಗಿಯೇ ಇತ್ತು. ಮಗು ಉಳಿಯಲಿಲ್ಲ.

ಪಕ್ಕದ ಫ್ಲಾಟಿನ ಶಾರದಕ್ಕ ಸಮಾಧಾನ ಹೇಳಲು ಬಂದವಳು, "ನಾಗನನ್ನು ಪೆಟ್ಟಿಗೆಯಲ್ಲಿ ಹಾಕಿದರೆ ಅವ ಸುಮ್ಮನೆ ಬಿಡ್ತಾನಾ?" ಎಂದಳು.

"ಇಲಿ ಕೊಡದಿದ್ದರೆ ಹಸಿದು ಸಾಯುವ ಹಾವು ಅದು. ಅದಕ್ಕೆ ಶಾಪ ಕೊಡುವಷ್ಟು ತ್ರಾಣ ಎಲ್ಲುಂಟು? ಚಾ ಕುಡಿದು ಹೊರಡು," ಎಂದೆ. ಆದರೆ ಮಾತು ವಿನಯಾಳ ಕಿವಿಗೆ ಬಿದ್ದಾಗಿತ್ತು. ಗಂಡನ ಹತ್ತಿರ ಮಾತು ಬಿಟ್ಟಳು, ಊಟ ಬಿಟ್ಟಳು. ಗೋಡೆಗೆ ಮುಖ ಮಾಡಿ ಮಲಗಿದಳು.

ಗಣೇಶ ಎದ್ದು ಹೋಗಿ ಮೊಟ್ಟೆಯ ಬಲ್ಬಿನ ಪ್ಲಗ್ಗು ಕಿತ್ತ. "ಖಲಾಸ್ ಅಮ್ಮ, ಸಾಕು."

"ಹಾಕು ಅದನ್ನು," ಎಂದೆ. "ಒಂದು ಸತ್ತದ್ದು ಸಾಲದಾ?"

ಹಾಕಿದ.

ಕೆಲವು ವಾರ ಕಳೆದು ಒಂದು ಬೆಳಿಗ್ಗೆ ಮೊಟ್ಟೆಗಳು ಬಿರಿದವು. ಒಂದೊಂದರಿಂದಲೂ ಬೆರಳ ತುದಿಯಷ್ಟು ಮೂತಿ. ನಾನು ಪೊರಕೆ ಹಿಡಿದು ನೋಡುತ್ತಿದ್ದೆ. ವಿನಯಾ ಯಾವಾಗ ಬಂದು ಹಿಂದೆ ನಿಂತಳೋ.

"ಅತ್ತೆ, ಇವುಗಳ ಅಮ್ಮ ಎಲ್ಲಿ?"

"ಆಚೆ ಪೆಟ್ಟಿಗೆಯಲ್ಲಿ. ಇಲಿ ತಿಂದು ಮಲಗಿದೆ. ಅದಕ್ಕೆ ಇವುಗಳ ನೆನಪೇ ಇಲ್ಲ."

"ಪುಣ್ಯವಂತೆ," ಎಂದಳು. ಮತ್ತೆ, ಬಾಗಿಲಲ್ಲಿ ನಿಂತಿದ್ದ ಗಂಡನ ಕಡೆ ನೋಡದೆಯೇ, "ನಾರು ಒಣಗಿದೆ. ಸ್ವಲ್ಪ ನೀರು ಚಿಮುಕಿಸಿ," ಎಂದಳು.

ಹಾವಿನಷ್ಟು ಪುಣ್ಯ ಮನುಷ್ಯರಿಗಿಲ್ಲ. ನಮಗೆ ನೆನಪೂ ಉಂಟು, ಹಸಿವೆಯೂ ಉಂಟು. ನಾನು ಪೊರಕೆ ಮೂಲೆಗಿಟ್ಟು ವಿನಯಾಳಿಗೆ ಗಂಜಿ ಬಿಸಿಮಾಡಲು ಹೋದೆ.