ಕೊನೆಯ ಕಾಲಂನಲ್ಲಿದ್ದ ನೀಲಿ ಬಾಗಿಲು

ಕೊರೋನಾ ಕಳೆದರೂ ಎಲ್ಲರ ಮನೆ ಬಾಗಿಲ ಹಿಂದಿನ ಮೊಳೆಯಲ್ಲಿ ಮಾಸ್ಕುಗಳು ಇನ್ನೂ ನೇತಾಡುತ್ತಿದ್ದ ವರ್ಷ ಅದು. ನಲವತ್ತಾರನೆಯ ವಯಸ್ಸಿನಲ್ಲಿ ನನಗೆ ಮೊದಲ ಸಲ ಒಂದು ಹುದ್ದೆ ಸಿಕ್ಕಿತು. ಅಲ್ಲಿಯವರೆಗೆ ಯಾವ ಫಾರಂ ತುಂಬಿದರೂ ಉದ್ಯೋಗದ ಮುಂದೆ ‘ಗೃಹಿಣಿ’ ಎಂದು ಬರೆಯುತ್ತಿದ್ದವಳು ‘ಕಂಟಿನ್ಯುಟಿ ಎಡಿಟರ್’ ಎಂದು ಬರೆಯುವಂತಾದೆ. ಆಫೀಸು ಮೈಸೂರಿನಲ್ಲಿತ್ತು. ಕೆಲಸ ನಡೆಯುತ್ತಿದ್ದದ್ದು ಶ್ರೀರಂಗಪಟ್ಟಣದ ನಮ್ಮ ಮನೆಯ ಊಟದ ಮೇಜಿನ ಮೇಲೆ, ಉಪ್ಪಿನಕಾಯಿ ಭರಣಿಯನ್ನು ಒಂದು ಪಕ್ಕಕ್ಕೆ ಸರಿಸಿಕೊಂಡು.

ಫೋನಿನಲ್ಲಿ ಕೇಳುವ ಕಥೆಗಳನ್ನು ಮಾಡುವ ನಾಲ್ಕೈದು ಹುಡುಗರ ಸಣ್ಣ ಕಂಪನಿ ಅದು. ನಡೆಸುತ್ತಿದ್ದವರು ನಿಶ್ಚಲ್ ಎಂಬ ಯುವಕ. ಮಾತು ಮೃದು, ಪ್ರತಿ ವಾಕ್ಯಕ್ಕೊಂದು ‘ಮೇಡಂ’. ಲಾಕ್‌ಡೌನಿನಲ್ಲಿ ಹೊತ್ತು ಹೋಗದೆ ನಾನು ಬರೆದು ಕಳಿಸಿದ್ದ ಅಕ್ಕ ತಂಗಿಯರ ಕಥೆಯನ್ನು ಅವರು ಹನ್ನೆರಡು ಕಂತುಗಳ ಆಡಿಯೋ ಮಾಡಿದ್ದರು. ಅಕ್ಕ ರುಕ್ಕು, ಹೂ ಕಟ್ಟುವವಳು. ತಂಗಿ ಚಂಪಾ, ಮನೆ ಬಿಟ್ಟು ಹೋದವಳು. ಕೇಳಿದವರಿಗೆ ಇಷ್ಟವಾಯಿತು. ಮುಂದೆ ಅದೇ ಕಥೆಯನ್ನು ಫೋನಿನ ಗೇಮ್ ಮಾಡುವುದು, ಕೊನೆಗೆ ನೆಲದ ಮೇಲೇ ಇಳಿಸುವುದು ಎಂದು ತೀರ್ಮಾನವಾಯಿತು. ಆಟಗಾರರು ಫೋನ್ ಹಿಡಿದು ಚಂಪಾಳನ್ನು ಹುಡುಕುತ್ತಾ ನಿಜವಾದ ಊರುಗಳಲ್ಲಿ ಓಡಾಡಬೇಕು. ಶ್ರೀರಂಗಪಟ್ಟಣದ ಹೊಳೆ ಮೆಟ್ಟಿಲಲ್ಲಿ ಅವಳ ಚಪ್ಪಲಿಯ ಸುಳಿವು, ಪಾಂಡವಪುರದ ರೈಲ್ವೆ ಸ್ಟೇಷನ್ನಿನಲ್ಲಿ ಟಿಕೆಟ್ಟಿನದು, ನಾಗಮಂಗಲದಲ್ಲಿ ಅವಳು ಮಾರಿದ ಕಾಲ್ಗೆಜ್ಜೆಯದು. ಎಲ್ಲ ಸುಳಿವು ಕೂಡಿದರೆ ರುಕ್ಕುವಿನ ಮನೆ.

ಒಂದೇ ಕಥೆಯನ್ನು ಮೂರು ಕಡೆ ಹೇಳುವಾಗ ಅದು ಒಂದೇ ಕಥೆಯಾಗಿ ಉಳಿಯಬೇಕು. ಆಡಿಯೋದಲ್ಲಿ ಎಡಗೈಯಲ್ಲಿ ಹೂ ಕಟ್ಟುವ ರುಕ್ಕು ಗೇಮಿನಲ್ಲಿ ಬಲಗೈಗೆ ಬದಲಾಯಿಸಬಾರದು. ಇದನ್ನು ಕಾಯುವುದೇ ನನ್ನ ಕೆಲಸ. ಯಾರ ಮೂಗುತಿ ಯಾವ ಕಡೆ, ಯಾರ ಮನೆಗೆ ಎಷ್ಟು ಮೆಟ್ಟಿಲು, ಎಲ್ಲವನ್ನೂ ಒಂದು ರಿಜಿಸ್ಟರಿನಲ್ಲಿ ಬರೆದಿಡಬೇಕು. ಆ ವೃತ್ತಿಯವರು ಅದನ್ನು ‘ಸ್ಟೋರಿ ಬೈಬಲ್’ ಅನ್ನುತ್ತಾರೆ. ಹತ್ತು ವರ್ಷ ಸಿಸ್ಟರ್‌ಗಳ ಹತ್ತಿರ ಓದಿದ ನನಗೆ ಹಾಗೆ ಸಲೀಸಾಗಿ ಅನ್ನಲು ಮನಸ್ಸು ಬರಲಿಲ್ಲ. ನಾನು ‘ಪುಸ್ತಕ’ ಅನ್ನುತ್ತಿದ್ದೆ.

ಕಾನ್ವೆಂಟಿನಲ್ಲಿ ನಮಗೆ ಒಂದು ಅಭ್ಯಾಸ ಮಾಡಿಸಿದ್ದರು. ಪುಟದ ಅಂಚಿಗೆ ಗೆರೆ ಎಳೆದು, ಬರೆದದ್ದು ಎಲ್ಲಿಂದ ತಿಳಿಯಿತು ಎಂದು ಅಲ್ಲಿ ಗುರುತು ಹಾಕಬೇಕು. ಬೇರೆಯವರದನ್ನು ತನ್ನದು ಅಂದುಕೊಳ್ಳುವುದು ಕಳ್ಳತನ ಎನ್ನುತ್ತಿದ್ದರು ನಮ್ಮ ಸಿಸ್ಟರ್. ಆ ಅಭ್ಯಾಸ ಕೈಬಿಡಲಿಲ್ಲ. ನನ್ನ ಪುಸ್ತಕದ ಪ್ರತಿ ಪುಟದಲ್ಲೂ ಕೊನೆಗೊಂದು ಕಾಲಂ ಇತ್ತು. ಅದರ ಹೆಸರು ‘ಯಾರಿಂದ’. ರುಕ್ಕುವಿನ ಹೂ ಕಟ್ಟುವ ಕೈ ನಮ್ಮ ಬೀದಿಯ ಹೂವಿನವಳದು. ಚಂಪಾಳ ನಗು ನನ್ನ ಸ್ಕೂಲಿನ ಗೆಳತಿಯದು. ಚಂಪಾ ತಿರುಗಿ ಬಂದು ಬಾಗಿಲಾಚೆಯಿಂದ ಅಕ್ಕನನ್ನು ಕರೆಯುವ ಮಾತಿನ ಎದುರಿಗೆ ಬರೆದಿದ್ದೆ: ‘ಗೌರಕ್ಕ, ಕಿಕ್ಕೇರಿ, ಆಚಾರ್ರ ಬೀದಿ, ನೀಲಿ ಬಾಗಿಲು. ಹೇಳಬಾರದು.’

ನಮ್ಮ ಮನೆಯವರು ಕಿಕ್ಕೇರಿಯಲ್ಲಿ ಕೆಲಸದಲ್ಲಿದ್ದಾಗ ಆರು ವರ್ಷ ನಾವು ಗೌರಕ್ಕನ ಪಕ್ಕದ ಮನೆಯಲ್ಲಿದ್ದೆವು. ಅಕ್ಕಸಾಲಿಗರ ಮನೆ. ಅವರ ಮಗ ಕುಲುಮೆ ಬಿಟ್ಟು ಕೆ.ಆರ್. ಪೇಟೆಯಲ್ಲಿ ಅಲ್ಯೂಮಿನಿಯಂ ಕಿಟಕಿ ಮಾಡುತ್ತಿದ್ದ. ಒಂದು ಅವರೆಕಾಯಿ ಕಾಲದಲ್ಲಿ, ನೆನೆಸಿದ ಕಾಳು ಹಿದುಕುತ್ತಾ ಕೂತಿದ್ದಾಗ, ಗೌರಕ್ಕ ತಲೆ ಎತ್ತದೆ ಹೇಳಿದರು. ಅವರಿಗೊಬ್ಬಳು ತಂಗಿ ಇದ್ದಳು, ಕಮಲಿ. ಬೇರೆ ಜಾತಿಯವನ ಜೊತೆ ಹೋದಳು. ಒಂದು ತಿಂಗಳಾದ ಮೇಲೆ ದೀಪ ಹಚ್ಚುವ ಹೊತ್ತಿಗೆ ತಿರುಗಿ ಬಂದು ಬಾಗಿಲಲ್ಲಿ ನಿಂತಳು.

“ನಮ್ಮಪ್ಪ ಒಳಗ್ ಕೂತಿತ್ತು ಕಣವ್ವಾ. ತಗುದ್ರೆ ನೀನೂ ಅವಳ ಜೊತೆಗೇ ಓಗು ಅಂತು. ಅವ್ಳು ಆಚೆಯಿಂದ ‘ಅಕ್ಕಾ, ನಾನು ಕಣಕ್ಕಾ, ಬಾಗ್ಲು ತಗಿಯಕ್ಕಾ’ ಅಂತಾವ್ಳೆ. ನಾನು ಅಗುಳಿ ಮ್ಯಾಲೆ ಕೈ ಮಡಿಕಂಡು ನಿಂತ್ಕಂಡಿವ್ನಿ. ತಗೀಲಿಲ್ಲ.” ಕಮಲಿಯನ್ನು ಮತ್ತೆ ಯಾರೂ ನೋಡಲಿಲ್ಲ. “ನನ್ನ ಮಗುಂಗೂ ಗೊತ್ತಿಲ್ಲ. ನೀನೂ ಯಾರ್ಗೂ ಏಳ್ಬ್ಯಾಡ.”

ಹೇಳುವುದಿಲ್ಲ ಅಂದೆ. ಆದರೆ ವರ್ಷಗಳ ಮೇಲೆ ಬರೆಯಲು ಕೂತಾಗ ಆ ಮಾತನ್ನು ಬಿಡಲಾಗಲಿಲ್ಲ. ಹೆಸರು ಬದಲಾಯಿಸಿದೆ, ಕಸುಬು ಬದಲಾಯಿಸಿದೆ, ರುಕ್ಕುವಿನ ಊರಿಗೆ ಹೆಸರನ್ನೇ ಇಡಲಿಲ್ಲ. ನನ್ನ ಕಥೆಯಲ್ಲಿ ರುಕ್ಕು ಬಾಗಿಲು ತೆಗೆಯುತ್ತಾಳೆ. ಇಷ್ಟು ಮಾಡಿದರೆ ಮಾತು ಉಳಿಸಿಕೊಂಡಂತೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಗೌರಕ್ಕನನ್ನು ಒಂದು ಮಾತು ಕೇಳಲಿಲ್ಲ.

ಪುಸ್ತಕವನ್ನು ಎಲ್ಲರೂ ನೋಡುವ ಹಾಗೆ ಕಂಪ್ಯೂಟರ್ ಶೀಟಿಗೆ ಹಾಕುವ ದಿನ ನಾನು ಆ ಕಾಲಂ ಬೇಡ ಅಂದೆ. ನಿಶ್ಚಲ್ ನಕ್ಕರು. “ಇರ್ಲಿ ಮೇಡಂ, ಯಾರಾದ್ರೂ ನಮ್ ಕಥೆ ಕದ್ದಿದ್ದು ಅಂದ್ರೆ ಆಧಾರ ಬೇಕಲ್ಲ. ಹೈಡ್ ಮಾಡ್ತೀನಿ. ನಿಮಗೆ, ನನಗೆ ಬಿಟ್ರೆ ಯಾರಿಗೂ ಕಾಣಲ್ಲ. ಪ್ರಾಮಿಸ್.” ಹೈಡ್ ಅಂದರೆ ಕಾಲಂ ಶೀಟಿನಲ್ಲೇ ಇರುತ್ತದೆ, ಕಣ್ಣಿಗೆ ಬೀಳುವುದಿಲ್ಲ. ನನ್ನೆದುರಿಗೇ ಮಾಡಿ ತೋರಿಸಿದರು. ಗೌರಕ್ಕನ ವಿಷಯ ಅವರಿಗೆ ನಾನೇ ಬಿಡಿಸಿ ಹೇಳಿದೆ, ಎಷ್ಟು ಜೋಪಾನ ಮಾಡಬೇಕು ಎಂದು ತಿಳಿಯಲಿ ಅಂತ. ಅವರ ಕಣ್ಣಲ್ಲಿ ನೀರು ಬಂತು. ಆ ನೀರನ್ನು ನಾನು ನಂಬಿದೆ.

ಯುಗಾದಿ ಕಳೆದ ಮೇಲೆ, ನೆಲದಾಟ ಜನರಿಗೆ ತೆರೆಯಲು ಒಂದು ವಾರವಿದೆ ಎನ್ನುವಾಗ, ಟ್ರಯಲ್ ಆವೃತ್ತಿ ನನ್ನ ಫೋನಿಗೂ ಬಂತು. ಶನಿವಾರ ಮಧ್ಯಾಹ್ನ, ಸಾರಿಗೆ ಒಗ್ಗರಣೆ ಹಾಕಿ, ಕೂತು ನೋಡಿದೆ. ಕೊನೆಯ ದೃಶ್ಯದಲ್ಲಿ ಒಂದು ಬಾಗಿಲಿನ ಚಿತ್ರ. ನೀಲಿ ಬಣ್ಣ. ಕೆಳಗಡೆ, ಇಲಿ ಕಡಿದ ಮೂಲೆಗೆ, ಬಿಸ್ಕತ್ತಿನ ಡಬ್ಬಿಯ ತಗಡು ಕತ್ತರಿಸಿ ಹೊಡೆದಿತ್ತು. ಗೌರಕ್ಕನ ಬಾಗಿಲಿನ ಆ ತಗಡಿನ ವಿಷಯ ಪುಸ್ತಕದಲ್ಲಿ ನಾನು ಎಲ್ಲೂ ಬರೆದಿರಲಿಲ್ಲ.

ನಿಶ್ಚಲ್‌ಗೆ ಮೆಸೇಜ್ ಕಳಿಸಿದೆ: ಬಾಗಿಲಿನ ಚಿತ್ರ ಎಲ್ಲಿಯದು? ‘ಎಲ್ಲಾ ಓಕೆ ಮೇಡಂ’ ಅಂತ ಬಂತು, ಜೊತೆಗೊಂದು ಹೆಬ್ಬೆರಳು. ಆಗಲೇ ಫೋನ್ ಮಾಡಬೇಕಿತ್ತು. ಮಾಡಲಿಲ್ಲ. ಅನ್ನಕ್ಕೆ ನೀರಿಟ್ಟೆ.

ಮರುದಿನ ಬೆಳಿಗ್ಗೆ ಗೌರಕ್ಕನ ಸೊಸೆ ಪವಿತ್ರಳ ಫೋನು. “ಅಕ್ಕಾ, ಕಮಲಿ ಅಂದ್ರೆ ಯಾರು? ನಮ್ಮತ್ತೆ ಅಗುಳಿ ಇಡ್ಕಂಡು ಅಳ್ತಾ ಕೂತವ್ರೆ. ಕೇಳುದ್ರೆ ನಿಮ್ ಎಸ್ರು ಏಳ್ತಾವ್ರೆ.”

ಮನೆಯವರು ಕಾರು ತೆಗೆದರು. ಪಾಂಡವಪುರ ದಾಟುವಾಗ ಕಬ್ಬಿನ ಲಾರಿಗಳ ಹಿಂದೆ ನಿಂತು ನಿಂತು ಹೋದೆವು. ಕೆ.ಆರ್. ಪೇಟೆಯ ಮೇಲೆ ಹಾದು ಕಿಕ್ಕೇರಿ ಮುಟ್ಟಿದೆವು.

ಆಗಿದ್ದು ಇಷ್ಟು. ಟ್ರಯಲ್ ಆಡಲು ಕಂಪನಿಯವರು ಕಳಿಸಿದ್ದ ಮೂವರು ಕಾಲೇಜು ಹುಡುಗಿಯರು ಸುಳಿವು ಹಿಡಿದು ಆ ಬೀದಿಗೆ ಬಂದರು. ಆಟದ ಕೊನೆಗೆ ಒಂದು ನಿಯಮ ಇತ್ತು. ಬಾಗಿಲ ಮುಂದೆ ನಿಂತು ಚಂಪಾಳ ‘ಅಕ್ಕಾ, ಬಾಗಿಲು ತೆಗಿಯಕ್ಕಾ’ ಎಂಬ ಮಾತನ್ನು ಗಟ್ಟಿಯಾಗಿ ಹೇಳಿದರೆ ಮಾತ್ರ ಫೋನಿನಲ್ಲಿ ಕೊನೆಯ ಭಾಗ ತೆರೆಯುತ್ತದೆ. ಒಬ್ಬ ಹುಡುಗಿ ಹೇಳಿದಳು. ಒಳಗೆ ಗೌರಕ್ಕ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದರು.

ನಾನು ಹೋದಾಗ ಅವರ ಕೈಗಳಲ್ಲಿ ಹಿಟ್ಟು ಹಾಗೇ ಒಣಗಿತ್ತು. ಒರಳಿಗೆ ತಾಗಿ ಮಂಡಿ ಊದಿತ್ತು. “ಓಡ್ಬಂದು ತಗುದ್ಬುಟ್ಟೆ ಕಣವ್ವಾ” ಅಂದರು. “ಕಮಲಿ ಬಂದ್ಯವ್ವಾ ಅಂದೆ. ಮೂರೂ ಜನ ಚಪ್ಪಾಳೆ ತಟ್ಟುದ್ವು. ಸೂಪರ್ ಆಕ್ಟಿಂಗು ಅಜ್ಜಿ ಅಂದ್ವು.”

ನಾನು ಅವರ ಪಕ್ಕದಲ್ಲಿ ಕೂತೆ.

“ಓದ್ವಾರ ಒಬ್ಬ ಉಡುಗ ಬಂದಿದ್ದ. ವಿನುತಾ ಮೇಡಂ ಕಳಿಸವ್ರೆ ಅಂದ. ನಿನ್ ಕಡೆಯವನು ಅಂತ ಕಾಪಿ ಕೊಟ್ಟೆ. ಬಾಗ್ಲು ಪೋಟ ತಕ್ಕಂಡ. ಚೆಂದಾಗದೆ ಅಂದ.” ಅವರು ನನ್ನ ಮುಖ ನೋಡಲಿಲ್ಲ. “ಅವ್ನು ನಂಗೇನೂ ಆಗ್ಬೇಕಿಲ್ಲ ಬುಡು. ಅವ್ನಿಗ್ಯಾರು ಏಳುದ್ರು? ನಾನು ನಿನ್ನೊಬ್ಬಳ ತಾವ ತಾನೆ ಏಳಿದ್ದು?”

ನಿಶ್ಚಲ್ ಅಲ್ಲಿಗೆ ಬಂದು ಹೋಗಿದ್ದು, ನನ್ನ ಹೆಸರು ಹೇಳಿ ಕಾಫಿ ಕುಡಿದದ್ದು ನನಗೆ ಗೊತ್ತಾದದ್ದೇ ಆಗ. ಜಗಲಿಯ ಮೇಲಿಂದಲೇ ಫೋನ್ ಮಾಡಿದೆ.

“ಮೇಡಂ, ರಿಯಾಕ್ಷನ್ ನೋಡಿದ್ರಾ? ಆ ಹುಡುಗೀರು ಇನ್ನೂ ಶಾಕಲ್ಲಿದಾರೆ! ಇಂಥ ಫೀಲ್ ಸೆಟ್ ಹಾಕಿದ್ರೆ ಬರುತ್ತಾ?”

“ಆ ಕಾಲಂ ಮುಚ್ಚಿಟ್ಟಿದೀನಿ ಅಂದ್ರಿ.”

“ಮುಚ್ಚೇ ಇದೆ ಮೇಡಂ, ಬೇರೆ ಯಾರಿಗೂ ತೋರಿಸಿಲ್ಲ. ನಾನೊಬ್ಬನೇ ನೋಡಿದ್ದು. ಅಡ್ರೆಸ್ ಬರೆದಿದ್ದು ನೀವೇ ಅಲ್ವಾ?”

ಕೊಟ್ಟ ಮಾತನ್ನು ಅವರು ಅಕ್ಷರಕ್ಕೆ ಅಕ್ಷರ ಉಳಿಸಿಕೊಂಡಿದ್ದರು. ನಾನು ಉಳಿಸಿಕೊಂಡಿದ್ದೂ ಹಾಗೆಯೇ.

ಜಾಗ ಬದಲಾಯಿಸಿ ಅಂದೆ. ಬರುವ ಭಾನುವಾರ ಓಪನಿಂಗು, ಸಾಧ್ಯವೇ ಇಲ್ಲ ಅಂದರು. ಸಂಜೆ ಮನೆಗೆ ಬಂದವಳೇ ಊಟದ ಮೇಜಿನ ಮುಂದೆ ಕೂತೆ. ಪುಸ್ತಕದಲ್ಲಿ ಬದಲಾದದ್ದು ಎಲ್ಲ ಕಡೆಯೂ ಬದಲಾಗಬೇಕು ಎನ್ನುವುದು ನಾನೇ ಮಾಡಿದ ನಿಯಮ. ಆಟದ ಮ್ಯಾಪು ಜಾಗಗಳನ್ನು ನೇರವಾಗಿ ನನ್ನ ಶೀಟಿನಿಂದಲೇ ಎತ್ತಿಕೊಳ್ಳುತ್ತಿತ್ತು. ರುಕ್ಕುವಿನ ಮನೆಯ ಸಾಲಿಗೆ ನಿಶ್ಚಲ್ ಸೇರಿಸಿದ್ದ ಕಿಕ್ಕೇರಿಯ ವಿಳಾಸವನ್ನು ಅಳಿಸಿ ಬರೆದೆ: ‘ರುಕ್ಕು ಈಗ ಆ ಮನೆಯಲ್ಲಿ ಇಲ್ಲ. ತಂಗಿಯನ್ನು ಕಾಯುತ್ತಾ ಪಾಂಡವಪುರ ಸ್ಟೇಷನ್ನಿನ ಕಲ್ಲು ಬೆಂಚಿನ ಮೇಲೆ ಕೂತಿದ್ದಾಳೆ.’ ಬಾಗಿಲಿನ ಚಿತ್ರ ತೆಗೆದುಹಾಕಿದೆ. ಕೊನೆಯ ಕಾಲಂ ತೆರೆದು, ಮೇಲಿನಿಂದ ಕೆಳಗಿನವರೆಗೆ ಪೂರ್ತಿ ಅಳಿಸಿದೆ.

ಹತ್ತು ನಿಮಿಷಕ್ಕೆ ಫೋನು. “ಏನ್ ಮೇಡಂ ಇದು! ಪ್ಲಾಟ್‌ಫಾರಂ ಮೇಲೆ ಬಾಗಿಲು ಕಿರ್ ಅನ್ನುತ್ತೆ! ರೆಕಾರ್ಡಿಂಗ್ ಎಲ್ಲ ಮುಗಿದಿದೆ. ನೀವು ಕಂಟಿನ್ಯುಟಿ ಎಡಿಟರ್ರಾ?”

“ಕಿರ್ ಅನ್ನಲಿ ಬಿಡಿ.”

“ನಾನು ವಾಪಸ್ ಹಾಕ್ತೀನಿ.”

“ಹಾಕಿ ನಿಶ್ಚಲ್. ಭಾನುವಾರ ಬೆಳಿಗ್ಗೆಯಿಂದ ನಾನು ಆ ಜಗಲಿ ಮೇಲೆ ಕೂತಿರ್ತೀನಿ. ಬಂದ ಒಬ್ಬೊಬ್ಬರಿಗೂ ನೀರು ಕೊಟ್ಟು, ಈ ಮನೆ ವಿಳಾಸ ನಿಮಗೆ ಹೇಗೆ ಸಿಕ್ತು ಅಂತ ಹೇಳಿ ಕಳಿಸ್ತೀನಿ.”

ಜೀವನದಲ್ಲಿ ನಾನು ಯಾರಿಗೂ ಹಾಗೆ ಮಾತಾಡಿದವಳಲ್ಲ. ಆ ಕಡೆ ಫೋನ್ ಕಟ್ಟಾಯಿತು. ಮರುದಿನ ಬೆಳಿಗ್ಗೆ ನನ್ನ ಪಾಸ್‌ವರ್ಡ್ ಕೆಲಸ ಮಾಡಲಿಲ್ಲ. ಆದರೆ ಆಟ ತೆರೆದದ್ದು ಪಾಂಡವಪುರ ಸ್ಟೇಷನ್ನಿನಲ್ಲೇ. ಆಡಿದವರು, ರೈಲು ಬರುವ ಜಾಗದಲ್ಲಿ ಬಾಗಿಲು ತೆಗೆದ ಶಬ್ದ ಯಾಕೆ ಬಂತು ಎಂದು ಕೇಳಿ ಬರೆದಿದ್ದರಂತೆ. ನನ್ನ ಕೆಲಸದಲ್ಲಿ ನಾನು ಬೇಕೆಂದೇ ಬಿಟ್ಟ ತಪ್ಪು ಅದೊಂದೇ.

ನಿಶ್ಚಲ್ ಮಾಡಿದ್ದು ಮೋಸ. ಅದರಲ್ಲಿ ನನಗೆ ಎರಡು ಮಾತಿಲ್ಲ, ಆ ಕಣ್ಣೀರಿನ ಮೇಲಿನ ಸಿಟ್ಟು ಇಂದಿಗೂ ಆರಿಲ್ಲ. ಆದರೆ ಅವರ ಕೈಗೆ ಕೊಡಲು ನನ್ನ ಹತ್ತಿರ ಏನಾದರೂ ಇದ್ದದ್ದರಿಂದ ತಾನೆ ಅವರಿಗೆ ಸಿಕ್ಕಿದ್ದು? ‘ಯಾರಿಂದ’ ಎಂದು ಬರೆದರೆ ಋಣ ತೀರಿತು ಎಂದುಕೊಂಡಿದ್ದೆ. ಬರೆಯುವ ಮೊದಲು, ಮಾತು ಯಾರದೋ ಅವರ ಮನೆಗೆ ಹೋಗಿ ‘ಬರೆಯಲಾ?’ ಎಂದು ಕೇಳಬೇಕು, ಬೇಡ ಅಂದರೆ ಪೆನ್ನು ಮುಚ್ಚಿ ಎದ್ದು ಬರಬೇಕು. ಕಾನ್ವೆಂಟಿನಲ್ಲಿ ಹೇಳಿಕೊಡದ ಈ ಪಾಠವನ್ನು ಆ ಕೆಲಸ ಕಲಿಸಿತು. ಗೌರಕ್ಕನ ಲೆಕ್ಕಕ್ಕೆ ಅದು ತಡವಾಯಿತು.

ಆ ವರ್ಷದ ಅವರೆಕಾಯಿ ಕಾಲಕ್ಕೆ ಧೈರ್ಯ ಮಾಡಿ ಕಿಕ್ಕೇರಿಗೆ ಹೋದೆ. ಆರು ವರ್ಷ ‘ಅಕ್ಕಾ, ಬಾಗಿಲು ತೆಗೀರಿ’ ಎಂದು ಕೂಗಿಕೊಂಡೇ ಹೋಗುತ್ತಿದ್ದ ಮನೆ. ಈಗ ಹಾಗೆ ಕೂಗಲಿಲ್ಲ. ಬಳೆಯಿಂದ ಚಿಲಕ ತಟ್ಟಿದೆ.

“ಯಾರು?” ಒಳಗಿನಿಂದ ಗೌರಕ್ಕ.

“ವಿನುತಾ.”

ಅಗುಳಿ ಸರಿಯಲು ತುಸು ಹೊತ್ತಾಯಿತು. ಸರಿಯಿತು. “ಬಾವ್ವ” ಅಂದರು. ಹಜಾರದಲ್ಲಿ ಮೊರದ ತುಂಬ ಸಿಪ್ಪೆ, ಬೇಸನ್ನಿನಲ್ಲಿ ನೆನೆದ ಕಾಳು. ನಾನು ಕೂರುವ ಮೊದಲು ಅವರು ನನ್ನ ಹೆಗಲಿನಿಂದ ಬ್ಯಾಗನ್ನು ಮೆಲ್ಲಗೆ ಬಿಡಿಸಿಕೊಂಡು ಹೋಗಿ, ಬೀದಿ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದರು. ಅದರೊಳಗೆ ನನ್ನ ಫೋನೂ ಪೆನ್ನೂ ಇದ್ದವು.

“ಅಲ್ಲೇ ಇರ್ಲಿ” ಅಂದರು.

ಆಮೇಲೆ ಎದುರು ಬದುರು ಕೂತು ಕಾಳು ಹಿದುಕಿದೆವು. ಈ ಸಲ ಸೊಗಡು ಕಮ್ಮಿ ಅಂದರು. ಹುಳ ಜಾಸ್ತಿ ಅಂದರು. ಬೇಸನ್ನು ಖಾಲಿಯಾಗುವವರೆಗೂ ಅವರೆಕಾಯಿಯ ಮಾತೇ ಆಡಿದರು.